ಮಾಲ್ ಬಾಗಿಲಲ್ಲಿ ಪಂಚೆ, ಶೋರೂಮಿನಲ್ಲಿ ಹತ್ತು ಲಕ್ಷ: ಸೇಡು ತೀರಿದ್ದು ಯಾರ ಮೇಲೆ?

ವರದಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗಿದೆ. ದಯವಿಟ್ಟು ಪೂರ್ತಿ ಓದಿ ಮಾತಾಡಿ.

2024ರ ಜುಲೈನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಳಗೆ ಬಿಡಲಿಲ್ಲ. ಕಾರಣ, ಪಂಚೆ ಉಟ್ಟಿದ್ದರು. ಮಗ ಸಿನಿಮಾ ತೋರಿಸೋಣ ಅಂತ ಕರೆದುಕೊಂಡು ಹೋಗಿದ್ದ. ಬಾಗಿಲಲ್ಲಿ ಸೆಕ್ಯುರಿಟಿಯವರು ತಡೆದರು. ಪ್ಯಾಂಟ್ ಹಾಕಿಕೊಂಡು ಬಂದರೆ ಮಾತ್ರ ಒಳಗೆ ಅಂದರು. ವಿಡಿಯೊ ಎಲ್ಲ ಕಡೆ ಹರಿದಾಡಿತು. ರೈತ ಸಂಘಟನೆಯವರು, ಕನ್ನಡ ಸಂಘಟನೆಯವರು ಮಾಲ್ ಮುಂದೆ ಪ್ರತಿಭಟನೆಗೆ ಇಳಿದರು. ಮಾಲ್‌ನವರು ಕ್ಷಮೆ ಕೇಳಿದರು, ಅದೇ ಹಿರಿಯರನ್ನು ಕರೆಸಿ ಸನ್ಮಾನ ಮಾಡಿದರು. ವಿಷಯ ವಿಧಾನಸಭೆಗೂ ಹೋಯಿತು. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಅಂತ ಸಚಿವ ಬೈರತಿ ಸುರೇಶ್ ಸದನದಲ್ಲೇ ಹೇಳಿದರು. 1.78 ಕೋಟಿ ರೂಪಾಯಿ ಆಸ್ತಿ ತೆರಿಗೆ ಬಾಕಿ ಇರುವುದೂ ಆಗಲೇ ಹೊರಗೆ ಬಂತು.

ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಹೆಚ್ಚುಕಡಿಮೆ ಇದೇ ನಡೆದಿತ್ತು. ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ನೋಡಿ ತಡೆದರು. ಅವರ ಹತ್ತಿರ ಟಿಕೆಟ್ ಇತ್ತು. ಜೊತೆಯಲ್ಲಿದ್ದ ಪ್ರಯಾಣಿಕರು ಅವರ ಪರ ಜಗಳಕ್ಕೆ ನಿಂತರು. ವಿಐಪಿಗಳಿಗೆ ಮಾತ್ರನಾ ಮೆಟ್ರೊ ಅಂತ ಕೇಳಿದರು. ಕೊನೆಗೆ ಅವರನ್ನು ಒಳಗೆ ಕರೆದುಕೊಂಡು ಹೋದರು. ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು.

ಎರಡರಲ್ಲೂ ನ್ಯಾಯ ಸಿಕ್ಕಿತು ಅಂತ ಊರಲ್ಲೆಲ್ಲ ಖುಷಿ. ಆ ಖುಷಿಯನ್ನು ಯಾರಿಂದಲೂ ಕಿತ್ತುಕೊಳ್ಳುವುದು ನನಗೆ ಬೇಕಿಲ್ಲ. ವಯಸ್ಸಾದವರನ್ನು ಮಗನ ಕಣ್ಣೆದುರೇ ಬಾಗಿಲಲ್ಲಿ ನಿಲ್ಲಿಸುವುದು ಸಣ್ಣ ವಿಷಯ ಅಲ್ಲ. ಅಪ್ಪನಿಗೆ ತನಗಾದ ನೋವಿಗಿಂತ ಮಗ ನೋಡಿದನಲ್ಲ ಅನ್ನುವುದೇ ಜಾಸ್ತಿ ಚುಚ್ಚುತ್ತದೆ.

ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಏಟು ಬಿದ್ದದ್ದು ಯಾರಿಗೆ? ಬಾಗಿಲಲ್ಲಿ ನಿಂತ ಮನುಷ್ಯನಿಗೆ. ಪಂಚೆ ಉಟ್ಟವರನ್ನು ಬಿಡಬೇಡ ಅಂತ ಅವನಿಗೆ ಹೇಳಿಕೊಟ್ಟವರು ಯಾರು ಅಂತ ಯಾರಾದರೂ ಹುಡುಕಿದರಾ? ಅಧಿಕಾರ ಮೇಲಿಂದ ಕೆಳಗೆ ಇಳಿದು ಬರುತ್ತದೆ. ಅವಮಾನವೂ ಅದೇ ದಾರಿಯಲ್ಲಿ ಬರುತ್ತದೆ. ನಮ್ಮ ಸೇಡು ಮಾತ್ರ ಯಾಕೆ ಮೇಲಕ್ಕೆ ಹತ್ತುವುದಿಲ್ಲ?

---

ಮಲ್ನಾಡ್ ಮಳೆ

ಅವತ್ತು ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಪಂಚೆಯವರೇ. 1996ರಲ್ಲಿ ಪ್ರಧಾನಿಯಾದ ದೇವೇಗೌಡರೂ ಪಂಚೆಯವರೇ. ಇವರಲ್ಲಿ ಯಾರಾದರೂ ಅದೇ ಬಾಗಿಲಿಗೆ ಬಂದಿದ್ದರೆ ತಡೆಯುತ್ತಿದ್ದರಾ? ಕೆಂಪು ಕಂಬಳಿ ಹಾಸುತ್ತಿದ್ದರು. ಹಾಗಾಗಿ ಸಮಸ್ಯೆ ಪಂಚೆಯದ್ದಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ ಬೇರೆ, ಬಸ್ಸಿನಲ್ಲಿ ಕೂತು ಮುದ್ದೆಯಾದ ಪಂಚೆ ಬೇರೆ. ಆ ಗಾರ್ಡ್ ಬಟ್ಟೆ ನೋಡಲಿಲ್ಲ. ಈ ಮನುಷ್ಯನನ್ನು ತಡೆದರೆ ಕೇಳುವವರು ಯಾರೂ ಇಲ್ಲ ಅಂತ ಲೆಕ್ಕ ಹಾಕಿದ.

---

ಗಂಡುಮೆಟ್ಟು

ಇಷ್ಟೆಲ್ಲ ಯೋಚನೆ ಯಾಕೆ? ಅವಮಾನ ಮಾಡಿದವನಿಗೆ ಅವಮಾನ ಆಗಬೇಕು. ಅಷ್ಟೇ. ಕ್ಷಮೆ ಗಿಮೆ ಎಲ್ಲ ಕ್ಯಾಮೆರಾ ಮುಂದಿನ ನಾಟಕ. ತಡೆದವರ ಮುಖ ಇರುವ ಫೋಟೊ ಯಾರ ಹತ್ತಿರ ಇದೆಯೋ ಇಲ್ಲಿ ಹಾಕಿ. ಊರೆಲ್ಲ ನೋಡಲಿ. ನಾಳೆ ಇನ್ನೊಬ್ಬ ಹಾಗೆ ಮಾಡಲು ಹೆದರಬೇಕು.

---

ವರದಾತೀರ

ದಯವಿಟ್ಟು ಯಾರೂ ಫೋಟೊ ಹಾಕಬೇಡಿ. ಹಾಕಿದರೆ ತೆಗೆಸುತ್ತೇನೆ. ಆ ಮನುಷ್ಯನಿಗೂ ಮನೆ, ಮಕ್ಕಳು ಇದ್ದಾರೆ. ಅವನ ಮಗನೂ ಆ ಫೋಟೊ ನೋಡುತ್ತಾನೆ.

---

ಕಲ್ಪತರು72

ತುಮಕೂರಿನವನಾಗಿ ನಮ್ಮೂರಿನ ಪ್ರಕರಣ ಸೇರಿಸುತ್ತೇನೆ. ಶೀರ್ಷಿಕೆಯಲ್ಲಿ ಹತ್ತು ಲಕ್ಷ ಅಂತ ಬರೆದವರು ಅದರ ವಿವರವನ್ನೇ ಬರೆದಿಲ್ಲ.

2022ರ ಜನವರಿ. ರಾಮನಪಾಳ್ಯದ ಯುವ ರೈತರೊಬ್ಬರು ಗೆಳೆಯರ ಜೊತೆ ಮಹೀಂದ್ರಾ ಶೋರೂಮಿಗೆ ಹೋದರು. ಬೊಲೆರೊ ಪಿಕಪ್ ಬೇಕಿತ್ತು. ಇವರ ಬಟ್ಟೆ, ಇವರು ಬಂದ ರೀತಿ ನೋಡಿ ಅಲ್ಲಿನ ಹುಡುಗ ಜೇಬಲ್ಲಿ ಹತ್ತು ರೂಪಾಯಿ ಇಲ್ಲದವರು ಹತ್ತು ಲಕ್ಷದ ಗಾಡಿ ಕೇಳುತ್ತಾರೆ ಅನ್ನುವ ಧಾಟಿಯಲ್ಲಿ ಮಾತಾಡಿದ. ಇವರಿಗೆ ಕೆರಳಿತು. ಹಣ ತಂದರೆ ಇವತ್ತೇ ಗಾಡಿ ಕೊಡ್ತೀರಾ ಅಂತ ಸವಾಲು ಹಾಕಿದರು. ಒಂದು ಗಂಟೆಯೊಳಗೆ ಹತ್ತು ಲಕ್ಷ ನಗದು ತಂದು ಎದುರಿಗೆ ಇಟ್ಟರು. ಈಗ ಶೋರೂಮಿನವರ ಹತ್ತಿರ ಕೊಡಲು ಗಾಡಿ ಇಲ್ಲ. ಮಾತು ಬೆಳೆದು ವಿಷಯ ತಿಲಕ್ ಪಾರ್ಕ್ ಪೊಲೀಸ್ ಠಾಣೆಗೆ ಹೋಯಿತು. ಸಿಬ್ಬಂದಿ ಕ್ಷಮೆ ಕೇಳಿದರು. ಆನಂದ್ ಮಹೀಂದ್ರಾ ಅವರೇ ವ್ಯಕ್ತಿಯ ಘನತೆ ಕಾಪಾಡುವುದು ನಮ್ಮ ಮೂಲ ಮೌಲ್ಯ ಅಂತ ಟ್ವೀಟ್ ಮಾಡಿದರು. ತಿಂಗಳ ಕೊನೆಯ ಹೊತ್ತಿಗೆ ಗಾಡಿ ರೈತರ ಕೈ ಸೇರಿತು.

ಇಲ್ಲಿ ಟೀ ಅಂಗಡಿಯಲ್ಲಿ ಈಗಲೂ ಈ ಕಥೆ ಹೇಳುವಾಗ ಜನರ ಕಣ್ಣು ಅರಳುತ್ತದೆ. ನನಗೂ ಹೆಮ್ಮೆ ಇದೆ. ಆದರೆ ಒಂದು ಮಾತು ಹೇಳಲೇಬೇಕು. ಆ ಹುಡುಗ ಹಣ ಇದ್ದವನಿಗೆ ಮಾತ್ರ ಮರ್ಯಾದೆ ಅಂದ. ನಾವು ಹಣ ತೋರಿಸಿ ಗೆದ್ದೆವು. ಅಂದ್ರೆ ಅವನ ಅಳತೆಗೋಲನ್ನೇ ಒಪ್ಪಿಕೊಂಡು ಅದರಲ್ಲೇ ಅಳೆಸಿಕೊಂಡಂತೆ ಆಯಿತಲ್ಲ. ಗಂಟೆಯಲ್ಲಿ ಹತ್ತು ಲಕ್ಷ ಹೊಂದಿಸಲಾಗದ ರೈತರು ನಮ್ಮ ಹೋಬಳಿಯಲ್ಲೇ ಎಷ್ಟು ಜನ ಇಲ್ಲ? ಅವರು ಆ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿ ಬಸ್ ಹತ್ತಬೇಕಿತ್ತು. ಅವರ ಕಥೆ ಯಾವ ಟಿವಿಯಲ್ಲೂ ಬರುತ್ತಿರಲಿಲ್ಲ.

ಆ ರೈತರ ಮೇಲೆ ನನಗೆ ದೂರಿಲ್ಲ. ಅವರು ಯಾರ ಕೆಲಸ ಕಳೆಯಿರಿ ಅಂತಲೂ ಹಟ ಹಿಡಿಯಲಿಲ್ಲ. ಮೊದಲಿಗೆ ನಿಮ್ಮ ಗಾಡಿಯೇ ಬೇಡ, ಕ್ಷಮೆ ಕೇಳಿ ಅಂದರು. ಅದು ದೊಡ್ಡ ಗುಣ. ನಾನು ಹೇಳುತ್ತಿರುವುದು ಚಪ್ಪಾಳೆ ಹೊಡೆದ ನಮ್ಮ ಬಗ್ಗೆ. ನಾವು ಹೊಡೆದದ್ದು ಮನುಷ್ಯನಿಗಾ, ನೋಟಿನ ಕಟ್ಟಿಗಾ?

---

ರಾತ್ರಿಪಾಳಿ

ನಾನು ಗೇಟಿನ ಈ ಕಡೆಯವನು. ಯಾದಗಿರಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದೇನೆ. ಮಾಲ್‌ನಲ್ಲೂ ಇದ್ದೆ, ಈಗ ಆಫೀಸ್ ಕಟ್ಟಡವೊಂದರಲ್ಲಿ ಇದ್ದೇನೆ. ಯಾವುದು ಅಂತ ಹೇಳುವುದಿಲ್ಲ.

ಈ ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಮಾಲ್‌ನವರು ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿರುವುದಿಲ್ಲ. ಏಜೆನ್ಸಿ ಇಟ್ಟುಕೊಂಡಿರುತ್ತದೆ. ಮಾಲ್‌ಗೆ ನಾವು ಬರೀ ಒಂದು ಸಂಖ್ಯೆ, ಹಗಲು ಪಾಳಿಗೆ ಇಷ್ಟು ತಲೆ, ರಾತ್ರಿಗೆ ಇಷ್ಟು ತಲೆ. ಹನ್ನೆರಡು ಗಂಟೆ ನಿಲ್ಲಬೇಕು. ನಮ್ಮ ಜಾಗಕ್ಕೆ ಬರಬೇಕಾದ ರಿಲೀವರ್ ಬರದಿದ್ದರೆ ಡಬಲ್ ಡ್ಯೂಟಿ. ಬೆಳಿಗ್ಗೆ ಫಾಲಿನ್‌ನಲ್ಲಿ, ಅಂದ್ರೆ ಪಾಳಿಗೆ ಮೊದಲು ಸಾಲಾಗಿ ನಿಲ್ಲಿಸಿದಾಗ, ಏಜೆನ್ಸಿಯ ಫೀಲ್ಡ್ ಆಫೀಸರ್ ಬಂದು ಹೇಳುತ್ತಾನೆ: ನೋಡಿ ಒಳಗೆ ಬಿಡಿ, ಖರೀದಿ ಮಾಡೋ ತರ ಕಾಣದವರನ್ನು ಅಲ್ಲೇ ವಿಚಾರಿಸಿ ಕಳಿಸಿ. ಬರೀ ಬಾಯಿಮಾತು. ಎಲ್ಲೂ ಬರೆದುಕೊಡುವುದಿಲ್ಲ. ಪಂಚೆ ಅನ್ನುವ ಪದ ಕೂಡ ಬಳಸುವುದಿಲ್ಲ. ಕಾಣದವರು ಅಂದ್ರೆ ಯಾರು ಅನ್ನುವುದನ್ನು ನಾವೇ ಅರ್ಥ ಮಾಡಿಕೊಳ್ಳಬೇಕು. ಬಿಟ್ಟು ಏನಾದರೂ ಆದರೆ ಸಂಬಳ ಕಟ್. ತಡೆದು ವಿಡಿಯೊ ಆದರೆ ಕೆಲಸವೇ ಕಟ್. ಏಜೆನ್ಸಿಯವರು ಒಂದೇ ಫೋನಿನಲ್ಲಿ ಹುಡುಗನನ್ನು ಬದಲಾಯಿಸಿ, ಕ್ರಮ ತಗೊಂಡಿದ್ದೀವಿ ಸರ್ ಅಂತ ವರದಿ ಕಳಿಸುತ್ತಾರೆ. ಬರೆದುಕೊಡದೇ ಇರುವುದು ಇದಕ್ಕೇ.

ನನ್ನ ಅಪ್ಪನೂ ಧೋತರ ಉಡುವವರು. ಊರಿಂದ ಬಂದಾಗ ನಾನು ಕೆಲಸ ಮಾಡುವ ಜಾಗ ನೋಡಬೇಕು ಅಂದರು. ಗೇಟಿನ ಆಚೆ ಚಹಾ ಅಂಗಡಿ ಹತ್ತಿರ ಕೂರಿಸಿದೆ. ಒಳಗೆ ಕರೆದುಕೊಂಡು ಹೋಗುವ ಅಧಿಕಾರ ನನಗೆ ಇರಲಿಲ್ಲ. ಅಲ್ಲಿಂದಲೇ ಕಟ್ಟಡ ನೋಡಿ ಚಲೋ ಐತಿ ಅಂದರು.

ತಪ್ಪು ಮಾಡಿದವರನ್ನು ಬಿಡಿ ಅಂತ ಕೇಳುತ್ತಿಲ್ಲ. ಆದರೆ ಹಳ್ಳಿಯಿಂದ ಬಂದವನನ್ನು ತಡೆಯಲು ಹಳ್ಳಿಯಿಂದಲೇ ಬಂದವನನ್ನು ನಿಲ್ಲಿಸಿದ್ದಾರೆ. ನಾವಿಬ್ಬರೂ ಬಡಿದಾಡಿಕೊಳ್ಳುವುದನ್ನು ಮೇಲಿನವರು ಸಿಸಿಟಿವಿಯಲ್ಲಿ ನೋಡುತ್ತಾರೆ.

---

ಗಂಡುಮೆಟ್ಟು

ರಾತ್ರಿಪಾಳಿ ಅಣ್ಣ, ನೀವು ಹೇಳಿದ್ದು ಮನಸ್ಸಿಗೆ ತಾಗಿತು. ಫೋಟೊ ಮಾತು ಬಿಟ್ಟೆ. ಆದರೂ ಒಂದು ವಿಷಯ ನಾನು ಒಪ್ಪುವುದಿಲ್ಲ. ತಡೆಯುವುದು ಬೇರೆ, ಹೀಯಾಳಿಸುವುದು ಬೇರೆ. ಸರ್ ಮೇಲಿನವರು ಬಿಡಬೇಡ ಅಂದಿದ್ದಾರೆ ಅಂತ ಮೆಲ್ಲಗೆ ಹೇಳಬಹುದಲ್ವಾ? ಕೆಲವರು ಹಾಗೆ ಹೇಳುವುದಿಲ್ಲ. ಕೈಯಲ್ಲಿ ಒಂದು ಕೋಲು ಸಿಕ್ಕ ತಕ್ಷಣ ದರ್ಪ ಬರುತ್ತದೆ. ಜಾತ್ರೆಯಲ್ಲಿ, ಆಸ್ಪತ್ರೆಯಲ್ಲಿ, ತಾಲೂಕು ಕಚೇರಿ ಬಾಗಿಲಲ್ಲಿ ಎಷ್ಟು ನೋಡಿಲ್ಲ? ಹೊಟ್ಟೆಪಾಡು ಅಂದ ಮಾತ್ರಕ್ಕೆ ಆ ದರ್ಪಕ್ಕೆ ಮಾಫಿ ಕೊಡಲು ನನ್ನಿಂದ ಆಗುವುದಿಲ್ಲ.

---

ರಾತ್ರಿಪಾಳಿ

ಅದು ನಿಜ. ದಿನವಿಡೀ ಏ ಸೆಕ್ಯುರಿಟಿ ಅಂತ ಕರೆಸಿಕೊಂಡವನು ತನಗಿಂತ ಸಣ್ಣವರು ಸಿಕ್ಕಾಗ ತೀರಿಸಿಕೊಳ್ಳುತ್ತಾನೆ. ಕಾರಿನವರು ಹಾರ್ನ್ ಹೊಡೆದು ಬೈದು ಹೋದ ಮೇಲೆ ಡೆಲಿವರಿ ಹುಡುಗನ ಮೇಲೆ ಕೂಗಾಡುವವರನ್ನು ನಾನೂ ನೋಡಿದ್ದೇನೆ. ಸಮರ್ಥನೆ ಮಾಡುವುದಿಲ್ಲ.

---

ಕರಿಕೋಟು

ವಕೀಲನಾಗಿ ಕಾನೂನಿನ ಕಡೆ ಸ್ವಲ್ಪ ಹೇಳುತ್ತೇನೆ. ಜನರಿಗೆ ಇದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ.

ಮಾಲ್ ಪ್ರಕರಣದಲ್ಲಿ ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ 126(2)ನೇ ಕಲಂ. ಅಕ್ರಮವಾಗಿ ತಡೆದದ್ದು ಅಂತ ಅರ್ಥ. ಆ ಹೊಸ ಕಾನೂನು ಜಾರಿಗೆ ಬಂದದ್ದೇ 2024ರ ಜುಲೈ 1ರಂದು. ಈ ಕಲಂನಲ್ಲಿ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದ್ರೆ ದಾರಿ ಅಡ್ಡಗಟ್ಟಿದ್ದಕ್ಕೆ ಕಲಂ ಇದೆ. ಮಗನೆದುರು ಅಪ್ಪನ ಮರ್ಯಾದೆ ಕಳೆದದ್ದಕ್ಕೆ ಅಲ್ಲಿ ಹೆಸರಿಲ್ಲ.

ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಹೋಗುವ ಹಕ್ಕಿನ ಬಗ್ಗೆ ನೇರವಾಗಿ ಮಾತಾಡುತ್ತದೆ. ಮಾಲ್‌ಗೆ ಇದಕ್ಕಿಂತ ಹತ್ತಿರದ ಮಾತು ಸಂವಿಧಾನದಲ್ಲಿ ಇಲ್ಲ. ಆದರೆ ಅಲ್ಲಿ ಹೇಳಿರುವ ಕಾರಣಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಬಟ್ಟೆ ಆ ಪಟ್ಟಿಯಲ್ಲಿ ಇಲ್ಲ. ಬಟ್ಟೆಯ ಹೆಸರು ಹೇಳಿ ಹೊರಗಿಡುವವರಿಗೆ ಈ ಸಂದಿಯೇ ಸಾಕು. ಬಡವ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಡ್ರೆಸ್ ಕೋಡ್ ಅಂದರೆ ಆಯಿತು.

ಅವಮಾನವನ್ನೇ ಅಪರಾಧ ಅಂತ ಸ್ಪಷ್ಟವಾಗಿ ಗುರುತಿಸಿದ ಕಾನೂನು ಒಂದಿದೆ. 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆ. ಅದರ 3(1)(ಆರ್) ಕಲಂ ಪ್ರಕಾರ, ಈ ಸಮುದಾಯದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದಲೇ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸಜೆ. ಇಲ್ಲೂ ಒಂದು ಮಿತಿ ಇದೆ. ಹೊರಗಿನವರು ಯಾರೂ ಇಲ್ಲದ, ನಾಲ್ಕು ಗೋಡೆಯ ಒಳಗೆ ಆಡಿದ ಮಾತಿಗೆ ಈ ಕಲಂ ಹತ್ತುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಗಿಲು ಹಾಕಿಕೊಂಡು ಮಾಡಿದ ಅವಮಾನ ಕೂಡ ಸುಡುತ್ತದೆ. ಆದರೆ ಅದನ್ನು ಕೋರ್ಟಿಗೆ ತರುವುದು ಕಷ್ಟ.

ತೆರಿಗೆ ಬಾಕಿ ವಿಷಯಕ್ಕೆ ಒಂದೇ ಮಾತು. 1.78 ಕೋಟಿ ಬಾಕಿ ಇದ್ದರೆ ಅದನ್ನು ಪಂಚೆ ಗಲಾಟೆಗೂ ಮೊದಲೇ ವಸೂಲಿ ಮಾಡಬೇಕಿತ್ತು. ಬಾಕಿಯನ್ನು ಕೋಲಿನ ತರ ಮೂಲೆಯಲ್ಲಿ ಇಟ್ಟುಕೊಂಡು, ಬೇಕಾದಾಗ ಎತ್ತುವುದು ಸರಿಯಾದ ಆಡಳಿತ ಅಲ್ಲ.

---

ಹೊಸೂರು ಕನ್ನಡಿಗ

ನಾವಿರುವ ತಮಿಳುನಾಡಿನಲ್ಲಿ ಇದಕ್ಕೆ ಕಾನೂನೇ ಇದೆ. 2014ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿ ಹರಿಪರಂತಾಮನ್ ಅವರು ವೇಷ್ಟಿ (ತಮಿಳರ ಪಂಚೆ) ಉಟ್ಟು ಚೆನ್ನೈನ ಕ್ರಿಕೆಟ್ ಸಂಸ್ಥೆಯ ಕ್ಲಬ್‌ಗೆ ಪುಸ್ತಕ ಬಿಡುಗಡೆಗೆ ಹೋಗಿದ್ದರು. ಬಾಗಿಲಲ್ಲೇ ತಡೆದರು. ದೊಡ್ಡ ಗದ್ದಲ ಆಯಿತು. ಜಯಲಲಿತಾ ಸರ್ಕಾರ ಮುಂದಿನ ತಿಂಗಳೇ ವಿಧಾನಸಭೆಯಲ್ಲಿ ಮಸೂದೆ ಪಾಸು ಮಾಡಿತು. ಕ್ಲಬ್, ಸಭಾಂಗಣ, ಚಿತ್ರಮಂದಿರ, ಮಾಲ್‌ನಂಥ ಜಾಗಕ್ಕೆ ವೇಷ್ಟಿ ಅಥವಾ ಬೇರೆ ಯಾವುದೇ ಭಾರತೀಯ ಸಾಂಪ್ರದಾಯಿಕ ಉಡುಪು ಉಟ್ಟು ಬಂದವರನ್ನು ಬಿಡುವುದಿಲ್ಲ ಅನ್ನುವಂತಿಲ್ಲ. ಹಾಗೆ ತಡೆದರೆ ಲೈಸೆನ್ಸ್ ರದ್ದು, ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಇದರಲ್ಲಿ ನನಗೆ ಇಷ್ಟವಾಗುವುದು ಲೈಸೆನ್ಸ್ ರದ್ದು ಅನ್ನುವ ಭಾಗ. ಲೈಸೆನ್ಸ್ ಗಾರ್ಡ್ ಹೆಸರಲ್ಲಿ ಇರುವುದಿಲ್ಲ. ಆಡಳಿತ ಮಂಡಳಿಯ ಹೆಸರಲ್ಲಿ ಇರುತ್ತದೆ. ವರದಾತೀರ ಅವರು ಕೇಳಿದ ಹಾಗೆ ಏಟು ಮೇಲಕ್ಕೆ ಹತ್ತುವುದು ಅಲ್ಲಿ.

---

ಮಲ್ನಾಡ್ ಮಳೆ

ಸರ್, ಒಳ್ಳೆಯ ಕಾನೂನೇ. ಆದರೆ ಅದು ಬರಲು ನ್ಯಾಯಮೂರ್ತಿಯೊಬ್ಬರನ್ನೇ ತಡೆಯಬೇಕಾಯಿತು ಅನ್ನುವುದನ್ನೂ ನೋಡಿ. ಅದಕ್ಕೂ ಮೊದಲು ಎಷ್ಟು ಜನ ಸಾಮಾನ್ಯರನ್ನು ಅಂಥ ಬಾಗಿಲುಗಳಿಂದ ವಾಪಸ್ ಕಳಿಸಿದ್ದರೋ. ಅವರಿಗಾಗಿ ಯಾವ ಮಸೂದೆಯೂ ಬರಲಿಲ್ಲ.

---

ಚಿನ್ನದಗಣಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ಹೇಳುತ್ತೇನೆ. ನಾನು ಕೋಲಾರ ಜಿಲ್ಲೆಯವಳು, ದಲಿತ ಕುಟುಂಬ.

ಬಟ್ಟೆ ನೋಡಿ ತಡೆದರೆ ಬಟ್ಟೆ ಬದಲಾಯಿಸಿ ಹೋಗಬಹುದು. ಹಣ ನೋಡಿ ತಡೆದರೆ ಹಣ ತರಬಹುದು. ಹುಟ್ಟು ನೋಡಿ ತಡೆದರೆ ಮನೆಗೆ ಹೋಗಿ ಏನು ತರುವುದು?

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಅದಕ್ಕೆ ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಆ ಮನೆಯವರು ಏನು ಮಾಡಿದರು ಗೊತ್ತಾ? ಗೋಡೆ ಮೇಲಿದ್ದ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್ ಫೋಟೊ ಹಾಕಿದರು. ಯಾರಿಗೂ ಹೊಡೆಯಲಿಲ್ಲ, ಬೈಯಲಿಲ್ಲ. ನಮ್ಮನ್ನು ಬೇಡ ಅಂದವರಿಂದ ನಮಗೂ ಏನೂ ಬೇಡ ಅಂದುಬಿಟ್ಟರು. ನನ್ನ ಪ್ರಕಾರ ಇಷ್ಟು ದೊಡ್ಡ ಉತ್ತರ ಈ ಚರ್ಚೆಯಲ್ಲಿ ಬಂದ ಬೇರೆ ಯಾವ ಕಥೆಯಲ್ಲೂ ಇಲ್ಲ. ಮಾಲ್ ಮುಂದೆ ಕೂತವರು ಆ ಮನೆಯ ಪರವಾಗಿಯೂ ಕೂತದ್ದನ್ನು ಮಾತ್ರ ನಾನು ನೋಡಲಿಲ್ಲ.

ಇನ್ನೊಂದು. ಸೇಡು ಅಂದಾಗ ನೀವೆಲ್ಲ ಕೆಳಗಿನವರು ಮೇಲಿನವರ ಮೇಲೆ ತೀರಿಸಿಕೊಳ್ಳುವುದು ಅಂದುಕೊಂಡಿದ್ದೀರಿ. ನಮ್ಮ ಅನುಭವದಲ್ಲಿ ಸೇಡು ಜಾಸ್ತಿ ಬರುವುದು ಮೇಲಿನಿಂದ. ಕೊಪ್ಪಳ ಜಿಲ್ಲೆಯ ಮರಕುಂಬಿ ನೋಡಿ. 2014ರ ಆಗಸ್ಟ್. ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟ್ ವಿಷಯಕ್ಕೆ ಶುರುವಾದ ಜಗಳ. ಅದಕ್ಕೆ ಊರಿನ ದಲಿತ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಕ್ಷೌರದಂಗಡಿ, ಹೋಟೆಲ್‌ಗೆ ಬಿಡದೇ ಇದ್ದದ್ದನ್ನು ಅಲ್ಲಿನವರು ಮೊದಲೇ ಪ್ರಶ್ನೆ ಮಾಡಿದ್ದರು. ನಮ್ಮೆದುರು ನಿಂತು ಮಾತಾಡುತ್ತಾರಾ ಅನ್ನುವುದೇ ಆ ಬೆಂಕಿಯ ಹಿಂದಿನ ಸಿಟ್ಟು. ಬೆಂಕಿ ಹಚ್ಚಿದವರಿಗೂ ಅವಮಾನ ಆಗಿತ್ತಂತೆ! ಸಮ ಸಮ ನಿಂತದ್ದೇ ಅವಮಾನ. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಆಮೇಲೆ ಹೈಕೋರ್ಟ್ ಮೆಟ್ಟಿಲೇರಿತು. ಕೆಳಗಿನ ಕೋರ್ಟಿನ ತೀರ್ಪಿಗೇ ಹತ್ತು ವರ್ಷ.

ಹಾಗಾಗಿ ಅವಮಾನ ಆಯಿತು ಅಂತ ಯಾರು ಹೇಳಿದರೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮಿಂದ ಏನಾದರೂ ಕಿತ್ತುಕೊಂಡರಾ? ಇಲ್ಲ, ಇನ್ನೊಬ್ಬರಿಗೆ ಸಿಗಬೇಕಾದದ್ದು ಸಿಕ್ಕಿತು ಅಂತ ನಿಮಗೆ ನೋವಾ?

---

ಗಂಡುಮೆಟ್ಟು

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ನಮ್ಮ ಊರಿನ ಹಿರಿಯರ ಮುಂದೆ ಇಡಬೇಕಾದ ಪ್ರಶ್ನೆ ಅದು.

---

ಜರತಾರಿ

ನಾನು ಜವಳಿ ಅಂಗಡಿಯಲ್ಲಿ ಸೀರೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತುಮಕೂರಿನ ಶೋರೂಮ್ ಹುಡುಗ ಆಡಿದ ಮಾತು ಕೆಟ್ಟದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೌಂಟರಿನ ಈ ಕಡೆಯ ಅವಮಾನವೂ ಲೆಕ್ಕಕ್ಕೆ ಬರಲಿ.

ಒಬ್ಬ ಗಿರಾಕಿ ಬಂದು ಕೂತರೆ ನಾವು ನಿಂತೇ ಐವತ್ತು ಸೀರೆ ಬಿಚ್ಚಿ ಹಾಕಬೇಕು. ಒಂದೂ ತಗೊಳ್ಳದೆ ಎದ್ದು ಹೋದರೆ ಫ್ಲೋರ್ ಮ್ಯಾನೇಜರ್ ಎಲ್ಲರೆದುರೇ ಕೇಳುತ್ತಾರೆ, ಏನಮ್ಮ ಮಾತಾಡೋಕೆ ಬರಲ್ವಾ ಅಂತ. ಹಾಗಾಗಿ ಬರುವವರ ಚಪ್ಪಲಿ, ಕೈಚೀಲ, ಬಳೆ ನೋಡಿ ಇವರು ತಗೊಳ್ತಾರೋ ಇಲ್ಲವೋ ಅಂತ ಅಳೆಯುವುದನ್ನು ನಮಗೆ ಕಲಿಸುತ್ತಾರೆ. ಕಮಿಷನ್ ಅದರ ಮೇಲೆ ನಿಂತಿದೆ. ಬಡವರು ಬಂದಾಗ ನಮ್ಮ ಮುಖದಲ್ಲಿ ನಗು ಕಡಿಮೆ ಆಗುವುದು ನಾವು ಕೆಟ್ಟವರು ಅಂತ ಅಲ್ಲ. ಆ ದಿನದ ಟಾರ್ಗೆಟ್ ಹಾಗೆ ಮಾಡಿಸುತ್ತದೆ. ಒಮ್ಮೆ ಒಬ್ಬರು ಬ್ಲೌಸ್ ಪೀಸಿನ ಬಣ್ಣ ಬಿಟ್ಟಿತು ಅಂತ ಬಂದು, ನನ್ನ ಕೈಯಲ್ಲಿ ಕೈಮುಗಿಸಿ ಕ್ಷಮೆ ಕೇಳಿಸಿಕೊಂಡರು. ಅವರ ಮಗಳು ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದಳು. ಆ ಬಟ್ಟೆ ನೇಯ್ದವಳೂ ನಾನಲ್ಲ, ಬಣ್ಣ ಹಾಕಿದವಳೂ ನಾನಲ್ಲ. ಮ್ಯಾನೇಜರ್ ಪಕ್ಕದಲ್ಲೇ ನಿಂತು ಕೇಳಮ್ಮ ಬೇಗ ಅಂದರು.

ಬದಲಾವಣೆ ಹೇಗೆ ಬರುತ್ತದೆ ಅನ್ನುವುದಕ್ಕೆ ಕೇರಳದ ಉದಾಹರಣೆ ಹೇಳುತ್ತೇನೆ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಜವಳಿ ಅಂಗಡಿಗಳಲ್ಲಿ ಹೆಂಗಸರು ದಿನಪೂರ್ತಿ ನಿಂತೇ ಇರಬೇಕಿತ್ತು. ಕೂರುವ ಹಾಗಿಲ್ಲ, ಶೌಚಾಲಯಕ್ಕೆ ಹೋಗುವುದೂ ಕಷ್ಟ. ಅವರು ಸೂಪರ್‌ವೈಸರ್ ಜೊತೆ ಕಿತ್ತಾಡಿ ನಿಲ್ಲಿಸಲಿಲ್ಲ. ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯಿದೆ ತಿದ್ದಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಮಾಡಿತು. ಇಂಥದ್ದು ಎಲ್ಲ ರಾಜ್ಯದಲ್ಲೂ ಬೇಕು. ಆ ಹೆಂಗಸರ ಸಿಟ್ಟು ಒಬ್ಬ ಮ್ಯಾನೇಜರನ ಕೆಲಸ ಕಳೆದು ಮುಗಿದಿದ್ದರೆ, ಆ ಜಾಗಕ್ಕೆ ಬಂದ ಹೊಸ ಮ್ಯಾನೇಜರ್ ಮತ್ತೆ ಕುರ್ಚಿ ತೆಗೆಸುತ್ತಿದ್ದ.

---

ಕಲ್ಪತರು72

ಮೇಡಂ, ಕಮಿಷನ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಮ್ಮೂರಿನ ಶೋರೂಮ್ ಬಗ್ಗೆ ಇಷ್ಟು ಮಾತಾಡಿದ ಯಾರೂ ಆ ಹುಡುಗರಿಗೆ ತಿಂಗಳಿಗೆ ಎಷ್ಟು ಗಾಡಿಯ ಟಾರ್ಗೆಟ್ ಇತ್ತು ಅಂತ ಕೇಳಲಿಲ್ಲ.

---

ವರದಾತೀರ

ಇಷ್ಟು ಗಂಭೀರವಾಗಿ ಮಾತಾಡಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಚಿನ್ನದಗಣಿ ಅಕ್ಕ, ನೀವು ಹೇಳಿದ್ದರಿಂದ ನನ್ನ ಪ್ರಶ್ನೆ ಇನ್ನೂ ದೊಡ್ಡದಾಯಿತು. ಮಾಲ್ ಮುಂದೆ ಕೂತವರನ್ನು ಉಳ್ಳೇರಹಳ್ಳಿಗೂ ಬನ್ನಿ ಅಂತ ಕರೆಯುವ ಹಕ್ಕು ನಿಮಗೆ ಇದೆ. ಬರುವ ಕರ್ತವ್ಯ ನಮಗೆ ಇದೆ. ನಮ್ಮ ತಾಲೂಕಿನ ರೈತ ಸಂಘದ ಸಭೆಯಲ್ಲಿ ಈ ಮಾತು ಎತ್ತುತ್ತೇನೆ.

ಮಾಲ್, ಶೋರೂಮ್, ಆಸ್ಪತ್ರೆ, ಕ್ಲಬ್ ಬಾಗಿಲಿನ ಮಟ್ಟಿಗೆ ನನಗೆ ಅನಿಸಿದ್ದು ಇಷ್ಟು. ಯಾರನ್ನಾದರೂ ತಡೆದರೆ ಫೋನ್ ತೆಗೆಯಿರಿ. ಆದರೆ ಕ್ಯಾಮೆರಾವನ್ನು ಗಾರ್ಡ್ ಮುಖಕ್ಕೆ ಹಿಡಿಯಬೇಡಿ. ಬಾಗಿಲಿಗೆ, ಬೋರ್ಡಿಗೆ ಹಿಡಿಯಿರಿ. ಈ ನಿಯಮ ಎಲ್ಲಿ ಬರೆದಿದೆ ತೋರಿಸಿ ಅಂತ ಕೇಳಿ. ಬರೆದಿಲ್ಲ ಅಂದರೆ ಮ್ಯಾನೇಜರ್ ಬಂದು ಅದನ್ನು ಬಾಯಿಬಿಟ್ಟು ಹೇಳಲಿ, ಅವರ ಮಾತು ರೆಕಾರ್ಡ್ ಆಗಲಿ. ಹಾವೇರಿಯ ಆ ಹಿರಿಯರಿಗೆ ಸನ್ಮಾನ ಸಿಕ್ಕಿತು, ಸಂತೋಷ. ಆದರೆ ಸನ್ಮಾನ ಮಾಡಿದವರು ಅವರನ್ನು ತಡೆಯಲು ಹೇಳಿದವರು ಯಾರು ಅಂತ ಹೇಳಲಿಲ್ಲ. ಅವತ್ತು ಆ ಹೆಸರು ಕೇಳಬೇಕಿತ್ತು.

ಕರಿಕೋಟು ಸರ್, ತಮಿಳುನಾಡಿನಂಥ ಕಾನೂನು ನಮ್ಮಲ್ಲೂ ಬರಲಿ ಅಂತ ಶಾಸಕರಿಗೆ ಒಂದು ಮನವಿ ಬರೆಯಬಹುದಾ? ಬಟ್ಟೆಯ ಜೊತೆಗೆ ಸಿಬ್ಬಂದಿಗೆ ಬಾಯಿಮಾತಿನ ಆದೇಶ ಕೊಡಬಾರದು, ಬರೆದೇ ಕೊಡಬೇಕು ಅನ್ನುವುದೂ ಅದರಲ್ಲಿ ಸೇರಲಿ.

---

ಕರಿಕೋಟು

ಬರೆಯುತ್ತೇನೆ. ಭಾನುವಾರದೊಳಗೆ ಕರಡು ಇಲ್ಲೇ ಹಾಕುತ್ತೇನೆ. ರಾತ್ರಿಪಾಳಿ ಅವರು ಮತ್ತು ಜರತಾರಿ ಮೇಡಂ ಓದಿ, ಕೆಲಸ ಮಾಡುವವರ ಕಡೆಯಿಂದ ಏನು ಬಿಟ್ಟುಹೋಗಿದೆ ಅಂತ ಹೇಳಬೇಕು. ಜಾತಿಯ ವಿಷಯ ಇದರೊಳಗೆ ಕರಗಿ ಹೋಗಬಾರದು. ಅದಕ್ಕೆ ಈಗಾಗಲೇ ಬಲವಾದ ಕಾನೂನು ಇದೆ. ಅದನ್ನು ಸರಿಯಾಗಿ ಜಾರಿ ಮಾಡಿ ಅಂತ ಪ್ರತ್ಯೇಕವಾಗಿ ಬರೆಯುತ್ತೇನೆ. ಚಿನ್ನದಗಣಿ ಅವರು ಅದನ್ನು ನೋಡಿಕೊಟ್ಟರೆ ಒಳ್ಳೆಯದು.

---

ಚಿನ್ನದಗಣಿ

ನೋಡಿಕೊಡುತ್ತೇನೆ ಸರ್. ಕರಡು ಸರಳ ಕನ್ನಡದಲ್ಲಿ ಇರಲಿ. ಓದಲು ಬಾರದವರಿಗೆ ಓದಿ ಹೇಳಿದರೂ ಅರ್ಥ ಆಗಬೇಕು.

---

ರಾತ್ರಿಪಾಳಿ

ನಾನೂ ಓದುತ್ತೇನೆ. ವರದಾತೀರ ಅವರೇ, ಮ್ಯಾನೇಜರ್ ಕರೆಸಿ ಅಂತ ನೀವು ಹೇಳಿದ್ದು ನಮಗೂ ಅನುಕೂಲ. ಗೇಟಿನಲ್ಲಿ ನಿಂತು ಮ್ಯಾನೇಜರ್ ಬರಬೇಕು ಅಂತ ಯಾರಾದರೂ ಗಟ್ಟಿಯಾಗಿ ಕೇಳಿದರೆ ನಾವು ವಾಕಿಟಾಕಿಯಲ್ಲಿ ಕರೆಯಲೇಬೇಕು. ಆ ಕರೆ ರಿಜಿಸ್ಟರ್‌ನಲ್ಲೂ ಬರೆಯಬೇಕು, ಟೈಮ್ ಸಮೇತ. ಬರೆದ ಮೇಲೆ ಅದನ್ನು ಹುಡುಗನೇ ಮಾಡಿದ ಅಂತ ಹೇಳಲು ಅವರಿಗೆ ಆಗುವುದಿಲ್ಲ. ನಮ್ಮ ಪಾಳಿಯ ಹುಡುಗರಿಗೆ ಇವತ್ತು ರಾತ್ರಿಯೇ ಹೇಳುತ್ತೇನೆ.